ಇದು ಮುಳ್ಳುಹಂದಿ ಮರಿಯಾ, ಬೇರೆ ಏನಾದರೂನಾ? ತಮಿಳುನಾಡಿನ ರಸ್ತೆಯಲ್ಲಿ ಕಂಡದ್ದು

ಈರುಳ್ಳಿ ಗಾಡಿ, ಚಳ್ಳಕೆರೆ:

ಎಲ್ಲರಿಗೂ ನಮಸ್ಕಾರ. ನಾನು ಲಾರಿ ಡ್ರೈವರ್. ಒಂದು ಪ್ರಾಣಿ ನೋಡಿ ಬಂದಿದ್ದೇನೆ. ಮನೆಯಲ್ಲಿ ಕೇಳಿದೆ, ಮಂಡಿಯಲ್ಲಿ ಕೇಳಿದೆ, ಟೀ ಅಂಗಡಿಯಲ್ಲೂ ಕೇಳಿದೆ. ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಇಲ್ಲಿ ತಿಳಿದವರು ಇದ್ದೀರಿ ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ದೀಪಾವಳಿಗೆ ಎಂಟು ದಿನ ಮುಂಚೆ ಈರುಳ್ಳಿ ಲೋಡು ತಗೊಂಡು ತಿರುನೆಲ್ವೇಲಿಗೆ ಹೋಗಿದ್ದೆ. ಹಿರಿಯೂರು, ಬೆಂಗಳೂರು, ಸೇಲಂ, ಮಧುರೈ, ಹೆಚ್ಚುಕಮ್ಮಿ 800 ಕಿಲೋಮೀಟರ್. ಲೋಡು ಇಳಿಸಿದ ಮೇಲೆ ತೂತುಕುಡಿಯಲ್ಲಿ ಉಪ್ಪು ತುಂಬಿಕೊಂಡು ವಾಪಸ್ ಬರಬೇಕಿತ್ತು. ಉಪ್ಪು ನಾಳೆ ಬೆಳಿಗ್ಗೆ ಅಂದರು. ಇಷ್ಟು ದೂರ ಬಂದಿದ್ದೀವಿ, ತಿರುಚೆಂದೂರಿನ ಸುಬ್ರಹ್ಮಣ್ಯ ಸ್ವಾಮಿ ದರ್ಶನ ಮಾಡೋಣ ಅಂತ ಕ್ಲೀನರ್ ಹುಡುಗ ಹಟ ಹಿಡಿದ. ಹೋದೆವು, ಕೈ ಮುಗಿದೆವು. ವಾಪಸ್ ಬರುವಾಗ ರಾತ್ರಿ ಒಂಬತ್ತೂವರೆಗೆ ಹಿಂದಿನ ಟೈರು ಪಂಚರ್. ಸ್ವಾಮಿ ದರ್ಶನ ಮಾಡಿದ್ದಕ್ಕೆ ಇದೇ ಪ್ರಸಾದ ಅಂತ ಹುಡುಗನನ್ನು ಬೈದೆ.

ಆ ಕಡೆಯ ನೆಲ ನೋಡಿದವರಿಗೆ ಗೊತ್ತಿರುತ್ತದೆ. ನಮ್ಮ ಹೊಲದ ಕೆಂಪು ಮಣ್ಣನ್ನೇ ಜರಡಿ ಹಿಡಿದು ಗುಡ್ಡೆ ಹಾಕಿದ ಹಾಗೆ ಕೆಂಪು ಮರಳು. ಅಲ್ಲಿಯವರು ಅದಕ್ಕೆ ತೇರಿ ಅನ್ನುತ್ತಾರೆ. ನಮ್ಮಲ್ಲಿ ಈಚಲು ಇರುವ ಹಾಗೆ ಅಲ್ಲಿ ತಾಳೆ ಮರ. ಸಂಜೆ ಮಳೆ ಬಿದ್ದಿತ್ತು, ಹುಳ ಹುಪ್ಪಟೆ ಎಲ್ಲ ಎದ್ದಿದ್ದವು. ಜಾಕಿ ಕೊಟ್ಟು, ಕೆಳಗೆ ಮಲಗಲು ಖಾಲಿ ಗೋಣಿಚೀಲ ಹಾಸಿದೆ. ಮೂರು ದಿನ ಈರುಳ್ಳಿ ಇದ್ದ ಚೀಲ, ವಾಸನೆ ಹೊಡೆಯುತ್ತಿತ್ತು.

ಸ್ಟೆಪ್ನಿ ಹಾಕಿ, ಕೈ ತೊಳೆದು, ಬೀಡಿ ಹಚ್ಚಿಕೊಂಡು ಕೂತಿದ್ದೆವು. ಬೇಲಿ ಕಡೆಯಿಂದ ಸುಸ್ ಸುಸ್ ಅಂತ ಶಬ್ದ. ನೆಗಡಿ ಆದ ಮಗು ಮೂಗು ಎಳೆಯುತ್ತದಲ್ಲ, ಹಾಗೆ. ಮೊಬೈಲ್ ಲೈಟು ಸ್ವಲ್ಪ ಆ ಕಡೆ ತಿರುಗಿಸಿದೆ. ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಮೈಯೆಲ್ಲ ಮುಳ್ಳು. ಒಂದು ಮುಳ್ಳಿನಲ್ಲೇ ಬಿಳಿ, ಕಂದು, ಬಿಳಿ ಅಂತ ಪಟ್ಟೆ. ಮುಖ ಕಪ್ಪಗೆ, ಮೂತಿ ಚೂಪು. ಕಿವಿ ಎದ್ದು ಕಾಣುತ್ತಿದ್ದವು. ನೆತ್ತಿ ಮೇಲೆ ಮುಳ್ಳಿನ ನಡುವೆ ಬೈತಲೆ ತೆಗೆದ ಹಾಗೆ ಬೋಳು ಗೆರೆ. ಒಂದು ಜೀರುಂಡೆ ಸಿಕ್ಕಿತು ಅದಕ್ಕೆ. ಹುರಿದ ಶೇಂಗಾ ಕಡಿದ ಹಾಗೆ ಕಟಕಟ ಕಡಿದು ತಿಂದಿತು. ಅಷ್ಟು ದೂರ ಕೇಳಿಸಿತು ಶಬ್ದ.

ಆಮೇಲೆ ನೋಡಿ ವಿಚಿತ್ರ. ನಮ್ಮ ಗೋಣಿಚೀಲದ ಹತ್ತಿರ ಬಂದು ಮೂಸಿತು. ಚೀಲದ ಅಂಚನ್ನು ಬಾಯಲ್ಲಿ ಹಾಕಿಕೊಂಡು ಜಗಿಯಲು ಶುರು ಮಾಡಿತು. ಬಾಯಲ್ಲಿ ನೊರೆ ಬಂತು. ಕತ್ತು ಹಿಂದಕ್ಕೆ ತಿರುಚಿ ಆ ನೊರೆಯನ್ನು ತನ್ನ ಬೆನ್ನಿಗೇ ಬಳಿದುಕೊಂಡಿತು. ಮತ್ತೆ ಜಗಿಯುವುದು, ಮತ್ತೆ ಬಳಿಯುವುದು. ಒಂದು ಸಲ ಆಯ ತಪ್ಪಿ ಮಗುಚಿ ಬಿತ್ತು. ಆಗ ಹೊಟ್ಟೆ ಕಾಣಿಸಿತು, ಕೂದಲು ಬಹಳ ಕಮ್ಮಿ. ಹುಚ್ಚು ಹಿಡಿದಿದೆ ಅಣ್ಣಾ, ನೊರೆ ಬರ್ತಿದೆ ಅಂತ ಹುಡುಗ ಎದ್ದು ಕ್ಯಾಬಿನ್ ಹತ್ತಿದ. ಆ ಸದ್ದಿಗೆ ಅದು ಫಕ್ಕನೆ ಉಂಡೆ ಆಯಿತು. ತಲೆ ಎಲ್ಲಿ, ಕಾಲು ಎಲ್ಲಿ ಗೊತ್ತಾಗಲಿಲ್ಲ. ಟವೆಲ್ ಮಡಚಿ ಮೆಲ್ಲಗೆ ಮುಟ್ಟಿದೆ, ಬುಸ್ ಅಂತು, ಇನ್ನೂ ಬಿಗಿ ಆಯಿತು. ಎರಡನೇ ಬೀಡಿ ಮುಗಿಯುವ ತನಕ ಹಾಗೇ ಇತ್ತು. ಆಮೇಲೆ ಮೂತಿಯ ತುದಿ ಆಚೆ ಬಂತು, ಕಾಲು ಬಂತು, ಗುಡುಗುಡು ಓಡಿಹೋಯಿತು.

ನನ್ನ ಪ್ರಶ್ನೆ ಮೂರು. ಇದು ನಮ್ಮ ಮುಳ್ಳುಹಂದಿ ಮರಿಯಾ? ಆ ನೊರೆ ಏನು? ನಮ್ಮ ಚಿತ್ರದುರ್ಗದ ಕಡೆ ಇದನ್ನು ಯಾರಾದರೂ ನೋಡಿದ್ದೀರಾ? ಫೋಟೋ ತೆಗೆದೆ, ಬರೀ ಕತ್ತಲೆ ಬಂದಿದೆ.

ಚನ್ನಗಿರಿ ತೋಟ:

ಮುಳ್ಳುಹಂದಿ ಮರಿನೇ. ಇದಕ್ಕೆ ಇಷ್ಟು ದೊಡ್ಡ ಕತೆ ಯಾಕೆ? ನಮ್ಮ ತೋಟಕ್ಕೆ ದಿನಾ ಬರುತ್ತವೆ. ಹೋದ ವರ್ಷ ಹನ್ನೆರಡು ತೆಂಗಿನ ಸಸಿ ಬುಡ ಕಡಿದು ಹಾಕಿದ್ದವು. ನಾಯಿ ಅಟ್ಟಿಸಿಕೊಂಡು ಹೋದರೆ ಬಾಣ ಬಿಟ್ಟ ಹಾಗೆ ಮುಳ್ಳು ಬಿಡುತ್ತವೆ. ನಮ್ಮ ನಾಯಿಯ ಮೂತಿಯಿಂದ ನಾಲ್ಕು ಮುಳ್ಳು ನಾನೇ ಕಿತ್ತಿದ್ದೇನೆ. ನೀವು ಟವೆಲ್ಲಿನಲ್ಲಿ ಮುಟ್ಟಿದ್ದು ದೊಡ್ಡ ತಪ್ಪು.

ಜೋಗಿಮಟ್ಟಿ ವಾಕಿಂಗ್:

ಅಣ್ಣಾ, ಉಂಡೆ ಆಗುವ ಪ್ರಾಣಿ ಚಿತ್ರದುರ್ಗದಲ್ಲೂ ಇದೆ. ನಮ್ಮ ತಾತ ಜೋಗಿಮಟ್ಟಿ ಹತ್ತಿರ ರಾತ್ರಿ ನೋಡಿದ್ದರಂತೆ. ಕಾಲಲ್ಲಿ ಒದ್ದರೂ ಬಿಚ್ಚಿಕೊಳ್ಳಲಿಲ್ಲವಂತೆ. ಆದರೆ ಮುಳ್ಳಲ್ಲ, ಮೈ ತುಂಬ ಹಲಸಿನ ಸಿಪ್ಪೆ ಥರ ಅಂತಿದ್ದರು. ಅದೇ ಇರಬಹುದಾ?

ಬಯಾಲಜಿ ಮೇಡಂ, ದಾವಣಗೆರೆ:

ಡ್ರೈವರಣ್ಣ, ನಿಮ್ಮ ಕಣ್ಣಿಗೆ ನಮಸ್ಕಾರ. ಬೈತಲೆ ಗೆರೆ ಮತ್ತು ಹೊಟ್ಟೆಯ ಕೂದಲು, ಈ ಎರಡನ್ನು ನೀವು ನೋಡಿದ್ದರಿಂದ ನನ್ನ ಕೆಲಸ ಅರ್ಧ ಮುಗಿಯಿತು.

ಮೊದಲು ಮರಿಯ ಮಾತು. ಚನ್ನಗಿರಿಯವರ ತೋಟಕ್ಕೆ ಬರುವುದು ನಿಜವಾದ ಮುಳ್ಳುಹಂದಿ. ಹಂದಿ ಅಂತ ಕರೆದರೂ ಅದು ಇಲಿ, ಅಳಿಲುಗಳ ಬಳಗ. ದೊಡ್ಡದಾದರೆ 11ರಿಂದ 18 ಕಿಲೋ ತೂಗುತ್ತದೆ. ಬೇರು, ಗೆಡ್ಡೆ, ತೊಗಟೆ ತಿನ್ನುತ್ತದೆ. ಮುಂದಿನ ಹಲ್ಲು ಉಳಿಯ ಹಾಗೆ, ಅದಕ್ಕೇ ತೆಂಗಿನ ಸಸಿಯ ಗತಿ ಹಾಗಾಗುವುದು. ಅದು ಬಾಣ ಬಿಡುವುದಿಲ್ಲ ಸಾರ್. ಹಿಂದಕ್ಕೆ ತಿರುಗಿ ನುಗ್ಗುತ್ತದೆ, ಮುಳ್ಳು ಸಡಿಲ ಇರುವುದರಿಂದ ನಾಯಿ ಮೂತಿಯಲ್ಲಿ ಉಳಿದುಬಿಡುತ್ತದೆ. ಅದರ ಮರಿಯಾದರೂ ಜೀರುಂಡೆ ಹುಡುಕಿಕೊಂಡು ಓಡಾಡುವುದಿಲ್ಲ. ಮುಷ್ಟಿ ಗಾತ್ರದ ಮರಿ ಅಪ್ಪ ಅಮ್ಮನನ್ನು ಬಿಟ್ಟು ಒಂಟಿಯಾಗಿ ರಸ್ತೆಗೆ ಬರುವುದೂ ಇಲ್ಲ.

ಜೋಗಿಮಟ್ಟಿಯವರೇ, ನಿಮ್ಮ ತಾತ ನೋಡಿದ್ದು ಚಿಪ್ಪುಹಂದಿ. ಅದೂ ಹಂದಿಯಲ್ಲ! ಬಾಯಲ್ಲಿ ಹಲ್ಲೇ ಇಲ್ಲ. ಉದ್ದ ನಾಲಿಗೆಯಲ್ಲಿ ಇರುವೆ, ಗೆದ್ದಲು ಬಾಚಿ ತಿನ್ನುತ್ತದೆ. ಚಿಪ್ಪಿನ ಆಸೆಗೆ ಕಳ್ಳಬೇಟೆ ಜಾಸ್ತಿ. ತಾತ ನೋಡಿದ ಜಾಗ ಗೊತ್ತಿದ್ದರೂ ಇಲ್ಲಿ ಬರೆಯಬೇಡಿ.

ಡ್ರೈವರಣ್ಣ ನೋಡಿದ್ದು ಮೂರನೆಯದು. ತಮಿಳಿನವರು ಅದಕ್ಕೆ ಮುಳ್ಳೆಲಿ ಅನ್ನುತ್ತಾರೆ, ದೊಡ್ಡದಕ್ಕೆ ಮುಳ್ಳಂಪನ್ರಿ. ಎರಡಕ್ಕೂ ಬೇರೆ ಬೇರೆ ಹೆಸರು. ನಾವು ಕನ್ನಡದವರು ಎರಡಕ್ಕೂ ಮುಳ್ಳುಹಂದಿ ಅಂತ ಬರೆದು ಮಕ್ಕಳ ತಲೆ ಕೆಡಿಸಿದ್ದೇವೆ. ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಇದೇ ರಗಳೆ. ಇಂಗ್ಲಿಷಿನ ಹೆಜ್‌ಹಾಗ್ ಅಂದರೂ ಬೇಲಿಹಂದಿ ಅಂತಲೇ ಅರ್ಥ. ನೀವು ಕೇಳಿದ ಆ ಸುಸ್ ಸುಸ್ ಸದ್ದು, ಬೇಲಿ ಸಂದಿಯಲ್ಲಿ ಮೂತಿ ತೂರಿಸುವ ಅಭ್ಯಾಸ, ಇವೇ ಆ ಹೆಸರಿಗೆ ಕಾರಣ. ಮುಳ್ಳಿಲಿ ಅಂದರೆ ನಮಗೂ ಸುಲಭ, ಆದರೆ ಇದು ಇಲಿಯೂ ಅಲ್ಲ. ಇದರ ನಂಟು ನಮ್ಮ ಮನೆಯ ಗೋಡೆ ಅಂಚಿನಲ್ಲಿ ಕಿಚ್ ಕಿಚ್ ಅಂತ ಓಡುವ ಸುಂಡಿಲಿಯ ಜೊತೆ. ಸುಂಡಿಲಿಯೂ ಇಲಿಯಲ್ಲ, ಎರಡೂ ಹುಳ ತಿನ್ನುವ ಬಳಗ. ಬಾಯಿ ತುಂಬ 36 ಚೂಪು ಹಲ್ಲು. ಮುಳ್ಳುಹಂದಿಗೆ ಇರುವುದು 20.

ಪ್ರಪಂಚದಲ್ಲಿ ಇಂಥವು ಹದಿನೇಳು ಹದಿನೆಂಟು ಜಾತಿ ಇವೆ. ಯುರೋಪು, ಆಫ್ರಿಕಾ, ಏಷ್ಯಾ, ಅಷ್ಟೇ. ಅಮೆರಿಕದಲ್ಲಿ ಕಾಡಿನದು ಇಲ್ಲ. ರಾಜಸ್ಥಾನ, ಗುಜರಾತಿನ ಒಣನೆಲದಲ್ಲಿ ಇದರ ಅಣ್ಣ ತಮ್ಮಂದಿರಿದ್ದಾರೆ. ನೀವು ಕಂಡದ್ದು ದಕ್ಷಿಣದ್ದೇ, ಬೇರೆಲ್ಲೂ ಇಲ್ಲ. ಮದ್ರಾಸ್ ಹೆಜ್‌ಹಾಗ್ ಅನ್ನುತ್ತಾರೆ. 1851ರಲ್ಲಿ ಹಾರ್ಸ್‌ಫೀಲ್ಡ್ ಎಂಬುವರು ಅದಕ್ಕೆ ನ್ಯೂಡಿವೆಂಟ್ರಿಸ್ ಅಂತ ಹೆಸರಿಟ್ಟರು. ಬೋಳು ಹೊಟ್ಟೆಯದು ಅಂತ ಅರ್ಥ. ನಿಮಗೂ ಅದೇ ಕಂಡದ್ದು ನೋಡಿ! ತೂಕ ಹೆಚ್ಚೆಂದರೆ ಮುನ್ನೂರು ಗ್ರಾಂ ಸುಮಾರು. ನಿಮ್ಮ ದೊಡ್ಡ ಈರುಳ್ಳಿ ಒಂದೆರಡು ತೂಗಿದಷ್ಟು.

ಉಂಡೆ ಆಗುವ ಬಗೆ ಹೇಳುತ್ತೇನೆ. ಅಜ್ಜಿಯರ ಎಲೆಅಡಿಕೆ ಸಂಚಿ ನೋಡಿದ್ದೀರಲ್ಲ? ಬಾಯಿಗೆ ದಾರ ಇರುತ್ತದೆ, ಎಳೆದರೆ ಮುಚ್ಚಿಕೊಳ್ಳುತ್ತದೆ. ಇದರ ಬೆನ್ನಿನ ಚರ್ಮ ಮೈಗಿಂತ ದೊಡ್ಡದು, ಸಡಿಲ. ಆ ಚರ್ಮದ ಅಂಚಿಗೆ ಸುತ್ತಲೂ ಒಂದು ಬಲವಾದ ಸ್ನಾಯು. ಹೆದರಿದಾಗ ಅದನ್ನು ಬಿಗಿ ಮಾಡುತ್ತದೆ, ತಲೆ, ಕಾಲು, ಹೊಟ್ಟೆ ಎಲ್ಲ ಸಂಚಿಯ ಒಳಗೆ. ಹಾಗೆಯೇ ಮುಳ್ಳು ಎಲ್ಲ ಕಡೆಗೆ ನೆಟ್ಟಗಾಗುತ್ತವೆ. ಮುಳ್ಳು ಅಂದರೆ ಗಟ್ಟಿಯಾದ ಕೂದಲು, ನಮ್ಮ ಉಗುರಿನದೇ ವಸ್ತು. ಯುರೋಪಿನ ಜಾತಿಯಲ್ಲಿ ಐದು ಸಾವಿರಕ್ಕೂ ಮೇಲೆ ಎಣಿಸಿದ್ದಾರೆ. ಮುಳ್ಳುಹಂದಿಯ ಹಾಗೆ ಕಿತ್ತು ಬರುವುದಿಲ್ಲ, ಆದ್ದರಿಂದ ನಿಮ್ಮ ಟವೆಲ್ಲಿಗೂ ಏನೂ ಆಗಲಿಲ್ಲ.

ನೊರೆ ಹುಚ್ಚಲ್ಲ. ಹೊಸದಾದ, ಘಾಟಾದ ವಾಸನೆ ಸಿಕ್ಕರೆ ಈ ಬಳಗದವು ಅದನ್ನು ಜಗಿದು, ಜೊಲ್ಲಿನ ಜೊತೆ ಕಲೆಸಿ ಮುಳ್ಳಿಗೆ ಬಳಿದುಕೊಳ್ಳುತ್ತವೆ. ಶತ್ರುವಿಗೆ ಅಸಹ್ಯ ಆಗಲಿ ಅಂತ ಇರಬಹುದು, ತನ್ನ ವಾಸನೆ ಮುಚ್ಚಲಿಕ್ಕೆ ಇರಬಹುದು, ವಿಜ್ಞಾನಿಗಳಲ್ಲೇ ಇನ್ನೂ ಜಗಳ. ಚಳ್ಳಕೆರೆ ಈರುಳ್ಳಿಯ ಘಾಟು ತೇರಿಯ ಪ್ರಾಣಿಗೆ ಹೊಸದಲ್ಲವಾ? ಸೆಂಟು ಹಾಕಿಕೊಂಡಿದೆ, ಅಷ್ಟೇ. ನಾನು ಇಪ್ಪತ್ತು ವರ್ಷದಿಂದ ಇದನ್ನು ಪಾಠ ಮಾಡುತ್ತಿದ್ದೇನೆ, ಕಣ್ಣಾರೆ ನೋಡಿಲ್ಲ. ಹೊಟ್ಟೆಕಿಚ್ಚಾಗುತ್ತಿದೆ.

ನಮ್ಮ ಕಡೆಯ ಬಗ್ಗೆ: ಮದ್ರಾಸ್ ಮುಳ್ಳಿಲಿಯ ಗಟ್ಟಿ ದಾಖಲೆ ಇರುವುದು ತಮಿಳುನಾಡಿನಲ್ಲಿ, ಆಂಧ್ರದಲ್ಲಿ, ಕೇರಳದ ಪಾಲಕ್ಕಾಡ್ ಕಡೆ. ಚಳ್ಳಕೆರೆಯ ಕಾವಲಿನಲ್ಲಿ, ಮೊಳಕಾಲ್ಮೂರಿನ ಕುರುಚಲಲ್ಲಿ ನೋಡಿದೆ ಅಂತ ಯಾರಾದರೂ ಹೇಳಿದರೆ ನಾನು ಫೋಟೋ ಕೇಳುತ್ತೇನೆ. ಕತ್ತಲೆ ಫೋಟೋ ಆಗುವುದಿಲ್ಲ.

ಚನ್ನಗಿರಿ ತೋಟ:

ಸರಿ ಮೇಡಂ, ಒಪ್ಪಿದೆ. ಬಾಣದ ವಿಷಯ ನಮ್ಮಪ್ಪ ಹೇಳಿದ್ದು, ಅವರನ್ನು ಈಗ ಕೇಳುವ ಹಾಗಿಲ್ಲ. ಒಂದು ಅನುಮಾನ. ಇದು ಹಾವನ್ನೂ ತಿನ್ನುತ್ತದೆ ಅಂತ ಯೂಟ್ಯೂಬಿನಲ್ಲಿ ನೋಡಿದೆ. ನಿಜಾನಾ? ಹಾಗಾದರೆ ಎರಡು ತಂದು ತೋಟಕ್ಕೆ ಬಿಡಬಹುದಲ್ಲ. ಹಾಲು ಅನ್ನ ಹಾಕಿ ಸಾಕುತ್ತೇನೆ.

ಬಯಾಲಜಿ ಮೇಡಂ, ದಾವಣಗೆರೆ:

ಯುರೋಪಿನದು ಸಣ್ಣಪುಟ್ಟ ಮಂಡಲದ ಹಾವನ್ನು ಕೊಂದು ತಿಂದದ್ದಿದೆ. ಅದರ ಮೈಯಲ್ಲಿ ವಿಷವನ್ನು ಸ್ವಲ್ಪ ಮಟ್ಟಿಗೆ ತಡೆಯುವ ಒಂದು ಪ್ರೋಟೀನ್ ಇದೆ. ಪೂರ್ತಿ ಅಲ್ಲ, ಸರಿಯಾಗಿ ಕಚ್ಚಿದರೆ ಅದೂ ಸಾಯುತ್ತದೆ. ನಿಮ್ಮ ತೋಟದ ನಾಗರಹಾವಿಗೆ ಇದನ್ನು ಕಾವಲು ಹಾಕಬೇಡಿ. ಇದರ ದಿನದ ಊಟ ಗೆದ್ದಲು, ಜೀರುಂಡೆ, ಎರೆಹುಳ, ಸಿಕ್ಕರೆ ಚೇಳು.

ಹಾಲು ಅಂತೂ ಬೇಡವೇ ಬೇಡ. ಹಾಲು ಇದಕ್ಕೆ ಅರಗುವುದಿಲ್ಲ, ಭೇದಿ ಆಗಿ ಸಾಯಲೂಬಹುದು. ಇಂಗ್ಲೆಂಡಿನವರು ತುಂಬ ಕಾಲ ಬಟ್ಟಲಲ್ಲಿ ಹಾಲಿಟ್ಟು ಪುಣ್ಯ ಬಂತು ಅಂದುಕೊಂಡಿದ್ದರು. ಅದೇ ಇಂಗ್ಲೆಂಡಿನಿಂದ ನ್ಯೂಜಿಲೆಂಡಿಗೆ ತಗೊಂಡು ಹೋಗಿ ಬಿಟ್ಟರು. ಅಲ್ಲಿ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳ ಗೂಡಿಗೆ ಇವು ಈಗಲೂ ಕಂಟಕ. ಎರಡು ತಂದು ತೋಟಕ್ಕೆ ಬಿಡುವ ಐಡಿಯಾ ಹೊಸದೇನಲ್ಲ ಸಾರ್.

ಈರುಳ್ಳಿ ಗಾಡಿ, ಚಳ್ಳಕೆರೆ:

ಮೇಡಂ, ದೊಡ್ಡ ಉಪಕಾರ ಆಯಿತು. ಕ್ಲೀನರ್ ಹುಡುಗನಿಗೆ ಓದಿ ಹೇಳಿದೆ. ಸೆಂಟು ಹಾಕಿಕೊಂಡಿದೆ ಅಂದಾಗ ನಕ್ಕು ನಕ್ಕು ಸುಸ್ತಾದ.

ಒಂದು ಮಾತು ಮೊದಲು ಬರೆಯಲಿಲ್ಲ. ನಾಚಿಕೆ ಆಯಿತು. ಆವತ್ತೇ ಮಧ್ಯಾಹ್ನ ಒಂದು ಸಂತೆಯಲ್ಲಿ ಬೇರು, ನಾರು, ಗಿಡಮೂಲಿಕೆ ಮಾರುವ ಒಬ್ಬ ಅಜ್ಜಿಯ ಹತ್ತಿರ ಒಂದು ಸಾಮಾನು ತಗೊಂಡಿದ್ದೆ. ಇನ್ನೂರು ರೂಪಾಯಿ. ಒಣಗಿದ ಗರಟೆ ಥರ ಇತ್ತು, ಮೇಲೆಲ್ಲ ಮುಳ್ಳು. ಯಾವುದೋ ಕಾಯಿಯ ಸಿಪ್ಪೆ ಅಂದುಕೊಂಡೆ. ಇದನ್ನು ಸುಟ್ಟು ಬೂದಿ ಮಾಡಿ ಜೇನುತುಪ್ಪದಲ್ಲಿ ನೆಕ್ಕಿಸಿದರೆ ಮಕ್ಕಳ ನಾಯಿಕೆಮ್ಮು ನಿಲ್ಲುತ್ತದೆ ಅಂದಳು. ನಮ್ಮ ತಂಗಿಯ ಮಗನಿಗೆ ಮೂರು ವಾರದಿಂದ ಕೆಮ್ಮು. ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿ ಕೊನೆಗೆ ವಾಂತಿ ಮಾಡುತ್ತಾನೆ. ಐದು ವರ್ಷದ ಹುಡುಗ. ಮಾವ ಏನೋ ತಂದ ಅಂತ ಆಗಲಿ ಅಂತ ತಗೊಂಡೆ.

ರಾತ್ರಿ ಆ ಪ್ರಾಣಿ ಓಡಿಹೋದ ಮೇಲೆ ಕ್ಯಾಬಿನ್ನಿಗೆ ಹತ್ತಿ, ಬೀಡಿ ಪೊಟ್ಟಣ ಹುಡುಕಲು ಸೀಟಿನ ಹಿಂದೆ ಕೈ ಹಾಕಿದೆ. ಆ ಸಾಮಾನು ಚುಚ್ಚಿತು. ಲೈಟ್ ಹಾಕಿ ನೋಡಿದರೆ ಅದೇ ಪಟ್ಟೆ. ಬಿಳಿ, ಕಂದು, ಬಿಳಿ. ಅದೇ ಬೈತಲೆ ಗೆರೆ.

ಆವತ್ತು ನಿದ್ದೆ ಸರಿಯಾಗಿ ಬರಲಿಲ್ಲ. ಈಗ ಅದು ನಮ್ಮ ಮನೆ ಅಟ್ಟದ ಮೇಲಿದೆ. ಅವ್ವ ದಿನಾ ಕೇಳುತ್ತಾಳೆ, ಔಷಧಿ ತಂದಿದ್ದೀಯಲ್ಲ, ಯಾವಾಗ ಸುಡೋದು ಅಂತ. ಅದರಲ್ಲಿ ಏನಾದರೂ ಗುಣ ಇದೆಯಾ? ಇದ್ದರೆ ಹೇಳಿಬಿಡಿ.

ಊರಿನ ಸಿಸ್ಟರ್, ಮೊಳಕಾಲ್ಮೂರು:

ಅಣ್ಣಾ, ನಾನು ಆರೋಗ್ಯ ಕೇಂದ್ರದಲ್ಲಿ ನರ್ಸು. ಸುಡಬೇಡಿ, ನೆಕ್ಕಿಸಬೇಡಿ. ಮುಳ್ಳಿನ ಬೂದಿ ಅಂದರೆ ಉಗುರಿನ ಬೂದಿ. ನಿಮ್ಮ ಉಗುರನ್ನೇ ಸುಟ್ಟು ಕೊಟ್ಟ ಹಾಗೆ. ಗುಣ ಏನಾದರೂ ಕಂಡರೆ ಜೇನುತುಪ್ಪದ್ದು, ಗಂಟಲಿಗೆ ಸ್ವಲ್ಪ ತಂಪು. ಒಂದು ವರ್ಷದ ಒಳಗಿನ ಮಗುವಿಗೆ ಅದೂ ಕೊಡಬಾರದು.

ಮೂರು ವಾರದ ಕೆಮ್ಮು, ಕೊನೆಗೆ ವಾಂತಿ ಅಂದರೆ ನಾಳೆಯೇ ಡಾಕ್ಟರಿಗೆ ತೋರಿಸಿ. ನಾಯಿಕೆಮ್ಮು ಒಂದು ಬ್ಯಾಕ್ಟೀರಿಯಾದಿಂದ ಬರುತ್ತದೆ, ಅದಕ್ಕೆ ಮಾತ್ರೆ ಇದೆ. ಬೇರೆ ಕಾಯಿಲೆಯೂ ಇರಬಹುದು, ಅದನ್ನು ನೋಡಿಯೇ ಹೇಳಬೇಕು. ತಾಯಿ ಕಾರ್ಡ್ ತೆಗೆದು ನೋಡಿ. ನಾಯಿಕೆಮ್ಮು ತಡೆಯುವ ಲಸಿಕೆ ಎಲ್ಲ ಹಾಕಿಸಿದ್ದಾರಾ ಅಂತ: ಆರು, ಹತ್ತು, ಹದಿನಾಲ್ಕು ವಾರಕ್ಕೆ ಪೆಂಟಾ, ಒಂದೂವರೆ ವರ್ಷದ ಆಸುಪಾಸಿಗೆ ಡಿಪಿಟಿ ಬೂಸ್ಟರ್, ಐದು ತುಂಬಿದ ಮೇಲೆ ಇನ್ನೊಂದು. ಆ ಐದು ವರ್ಷದ್ದನ್ನು ನಮ್ಮ ಜನ ಮರೆತೇಬಿಡುತ್ತಾರೆ. ಮನೆಯಲ್ಲಿ ಹಸುಗೂಸು ಇದ್ದರೆ ಈ ಹುಡುಗನನ್ನು ಸ್ವಲ್ಪ ದೂರ ಇಡಿ. ಕೂಸುಗಳಿಗೆ ಈ ಕೆಮ್ಮು ಬಂದರೆ ಕೆಮ್ಮುವ ಬದಲು ಉಸಿರೇ ನಿಂತುಹೋಗುವುದುಂಟು.

ಅವ್ವನಿಗೆ ನಾನು ಬೇಕಾದರೆ ಫೋನಿನಲ್ಲಿ ಹೇಳುತ್ತೇನೆ.

ಬಯಾಲಜಿ ಮೇಡಂ, ದಾವಣಗೆರೆ:

ಸಿಸ್ಟರ್ ಹೇಳಿದ್ದಕ್ಕೆ ನಾನು ಸೇರಿಸುವುದು ಇಷ್ಟೇ. ಡ್ರೈವರಣ್ಣ, ನಿಮ್ಮ ಮೇಲೆ ಸಿಟ್ಟಿಲ್ಲ, ಆ ಅಜ್ಜಿಯ ಮೇಲೂ ಇಲ್ಲ. ಆದರೆ 1972ರ ವನ್ಯಜೀವಿ ಕಾಯ್ದೆ ಇದೆ, ಇಂಥ ಚರ್ಮ ಮಾರುವುದೂ ತಪ್ಪು, ಕೊಳ್ಳುವುದೂ ತಪ್ಪು. ಯಾರಿಗೂ ಕೊಡಬೇಡಿ, ತೋರಿಸಿಕೊಂಡು ಓಡಾಡಬೇಡಿ. ಅರಣ್ಯ ಇಲಾಖೆಯವರ ಕೈಗೆ ಒಪ್ಪಿಸಿ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ.

ಈ ಪ್ರಾಣಿ ಒಂದು ಸಲಕ್ಕೆ ಹಾಕುವುದು ಒಂದೋ ಎರಡೋ ಮರಿ. ಹುಟ್ಟುವಾಗ ಕಣ್ಣು ಮುಚ್ಚಿರುತ್ತದೆ, ಮುಳ್ಳು ಚರ್ಮದ ಕೆಳಗೇ ಅಡಗಿರುತ್ತದೆ, ತಾಯಿಗೆ ಚುಚ್ಚಬಾರದಲ್ಲ. ಹೊರಬಿದ್ದ ಮೇಲೆ ಮೆಲ್ಲಗೆ ಮೇಲೇಳುತ್ತದೆ. ಹೊತ್ತು ಮುಳುಗುವ ತನಕ ಬಿಲದಲ್ಲಿ, ಇಲ್ಲದಿದ್ದರೆ ಕಳ್ಳಿ, ಮುಳ್ಳಿನ ಪೊದೆಯ ಬುಡದಲ್ಲಿ ಒಂಟಿಯಾಗಿ ಮಲಗಿರುತ್ತದೆ. ಯುರೋಪಿನದು ಚಳಿಗಾಲ ಪೂರ್ತಿ ಮಲಗಿಬಿಡುತ್ತದೆ. ನಿಮಿಷಕ್ಕೆ 190ರ ಹತ್ತಿರ ಹೊಡೆಯುವ ಎದೆ 20ರ ಸುಮಾರಿಗೆ ಇಳಿಯುತ್ತದೆ. ನಮ್ಮ ಕಡೆಯದಕ್ಕೆ ಅಂಥ ಚಳಿ ಎಲ್ಲಿ? ಹಿಂಗಾರು ಮಳೆ ಬಿದ್ದ ರಾತ್ರಿ ಅಂದರೆ ಅದಕ್ಕೆ ಹಬ್ಬ. ಹುಳ ಏಳುತ್ತವೆ, ಹುಳದ ಹಿಂದೆ ರಸ್ತೆಗೂ ಬರುತ್ತದೆ.

ಆ ಉಂಡೆಯ ಉಪಾಯ ನರಿ, ನಾಯಿಯ ಮುಂದೆ ನಡೆಯುತ್ತದೆ. ಲಾರಿ ಬಂದರೂ ಅದು ಓಡುವುದಿಲ್ಲ, ಅಲ್ಲೇ ಉಂಡೆ ಆಗುತ್ತದೆ. ಅದು ನಿಮಗೆ ಬಿಟ್ಟದ್ದು.

ಈರುಳ್ಳಿ ಗಾಡಿ, ಚಳ್ಳಕೆರೆ:

ಎಲ್ಲರಿಗೂ ಮತ್ತೆ ನಮಸ್ಕಾರ. ಹತ್ತು ದಿನ ಆಯಿತು, ಗಾಡಿ ಮೇಲಿದ್ದೆ, ಬರೆಯಲು ಆಗಲಿಲ್ಲ.

ಹುಡುಗನನ್ನು ಡಾಕ್ಟರಿಗೆ ತೋರಿಸಿದೆವು. ಪರೀಕ್ಷೆ ಮಾಡಿ ಐದು ದಿನದ ಔಷಧಿ ಕೊಟ್ಟರು. ಐದು ವರ್ಷದ ಇಂಜೆಕ್ಷನ್ ನಿಜವಾಗಿಯೂ ಹಾಕಿಸಿರಲಿಲ್ಲ. ಸಿಸ್ಟರ್, ನೀವು ಕಾರ್ಡ್ ಅಂದದ್ದಕ್ಕೆ ಗೊತ್ತಾಯಿತು. ಕೆಮ್ಮು ಪೂರ್ತಿ ನಿಂತಿಲ್ಲ, ಆದರೆ ರಾತ್ರಿ ಮಲಗುತ್ತಿದ್ದಾನೆ.

ಅಟ್ಟದ ಮೇಲಿನದನ್ನು ಅರಣ್ಯ ಇಲಾಖೆಯವರಿಗೆ ಕೊಟ್ಟು ಬಂದೆ. ಒಳಗೆ ಹೋಗುವ ಮುಂಚೆ ಗೇಟಿನ ಹತ್ತಿರ ಅರ್ಧ ಗಂಟೆ ನಿಂತಿದ್ದೆ. ಏನೇನೋ ಕೇಳಿದರು, ಬರೆದುಕೊಂಡರು, ಇನ್ನೊಂದು ಸಲ ಹೀಗೆ ಮಾಡಿದರೆ ನೋಡು ಅಂದರು. ಅವರಲ್ಲೇ ಒಬ್ಬರು ಅದನ್ನು ಕೈಯಲ್ಲಿ ತಿರುಗಿಸಿ ಇದು ಮುಳ್ಳುಹಂದಿ ಮರಿ ಅಲ್ವಾ ಅಂದರು. ನಾನು ಸುಮ್ಮನಿದ್ದೆ. ಆಮೇಲೆ ತಡೆಯಲಾರದೆ ಬೈತಲೆ ಗೆರೆ ತೋರಿಸಿ ಹೇಳಿಬಿಟ್ಟೆ. ಡ್ರೈವರ್ ಅಂತೀಯ, ಇದೆಲ್ಲ ಹೆಂಗೆ ಗೊತ್ತು ಅಂದರು. ನಮ್ಮ ಮೇಡಂ ಹೇಳಿದ್ದು ಅಂದೆ.

ಅವ್ವನಿಗೆ ಮೊದಲು ಸಿಟ್ಟು. ಇನ್ನೂರು ರೂಪಾಯಿ ಹೋಯ್ತಲ್ಲ ಅಂತ. ಆಮೇಲೆ ಆ ರಾತ್ರಿಯ ಕತೆ ಹೇಳಿದೆ, ಜೀರುಂಡೆ ಕಡಿದದ್ದು, ಸೆಂಟು ಬಳಿದುಕೊಂಡದ್ದು, ಮಗುಚಿ ಬಿದ್ದದ್ದು. ನಿಮ್ಮ ಸಂಚಿಯ ಮಾತು ಹೇಳಿದಾಗ ಸೊಂಟದಿಂದ ತನ್ನ ಎಲೆಸಂಚಿ ತೆಗೆದು ಎರಡು ಸಲ ದಾರ ಎಳೆದು, ಬಿಚ್ಚಿ ನೋಡಿದಳು. ಹಂದಿನೂ ಅಲ್ಲ ಇಲಿನೂ ಅಲ್ಲ ಅಂದ್ರೆ ಮುಳ್ಳುಂಡೆ ಅನ್ರಿ ಅತ್ಲಾಗೆ ಅಂದಳು. ಮೇಡಂ, ನಿಮ್ಮ ಕ್ಲಾಸಿನಲ್ಲಿ ಬೇಕಾದರೆ ಬಳಸಿಕೊಳ್ಳಿ.

ಈ ಸಲವೂ ಲೋಡು ತಿರುನೆಲ್ವೇಲಿಗೇ ಇತ್ತು. ಉಪ್ಪು ತುಂಬಿಕೊಂಡು ರಾತ್ರಿಯೇ ಹೊರಟೆವು. ತಾಳೆ ಮರದ ಸಾಲು ಬಂದ ಮೇಲೆ ನಲವತ್ತರ ಮೇಲೆ ಓಡಿಸಲಿಲ್ಲ. ಹುಡುಗ ಎಡಗಡೆ ಕಿಟಕಿಯಿಂದ ಅರ್ಧ ಆಚೆ ನೇತಾಡಿಕೊಂಡು ರಸ್ತೆ ನೋಡುತ್ತಿದ್ದ. ಎರಡು ಸಲ ಅಣ್ಣಾ ಬ್ರೇಕ್ ಅಂತ ಕೂಗಿದ. ಮೊದಲನೇ ಸಲ ತೆಂಗಿನಕಾಯಿ ಸಿಪ್ಪೆ. ಎರಡನೇ ಸಲ ಯಾರದೋ ಚಪ್ಪಲಿ.